ಘಾಟಿ ಬಸ್ಸಲ್ಲಿ ಗೈರೊ ಬೇಡ, ಮಳೆಗಾಲದ ಜಗುಲಿಯಲ್ಲಿ ಬೇಕು

ಆಗುಂಬೆ ಘಾಟಿ ಇಳಿಯುವ ಬಸ್ಸಲ್ಲಿ ಕೂತು ಬಿಜಿಎಂಐ ಎಂಬ ಗುಂಡು ಹಾರಿಸುವ ಗೇಮ್ ಆಡುವವರು ಮೊದಲು ಗೈರೊ, ಅಂದರೆ ಫೋನ್ ತಿರುಗಿಸಿ ಗುರಿ ಹಿಡಿಯುವ ಸೌಲಭ್ಯ, ಆಫ್ ಮಾಡಿಕೊಳ್ಳಿ. ಅಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಫೋನ್ ಎಷ್ಟು ವೇಗವಾಗಿ ತಿರುಗಿತು ಎಂಬುದಷ್ಟೇ ಗೈರೋಸ್ಕೋಪಿನ ಲೆಕ್ಕ; ತಿರುಗಿಸಿದ್ದು ನಿಮ್ಮ ಮಣಿಕಟ್ಟೋ ಬಸ್ಸೋ, ಅದಕ್ಕೆ ಗೊತ್ತಾಗದು. ಪ್ರತಿ ತಿರುವಿಗೂ ಗುರಿ ಪಕ್ಕಕ್ಕೆ ಜಾರುತ್ತದೆ. ಫೋನ್ ಓಲಿಸಿ ಕಾರು ಓಡಿಸುವ ಗೇಮಿನ ಪಾಡೂ ಅಷ್ಟೇ: ಅಲ್ಲಿ ಓಲಾಟ ಅಳೆಯುವ ಆಕ್ಸೆಲರೋಮೀಟರ್ ಎಂಬ ಸೆನ್ಸರಿಗೆ ಭೂಮಿಯ ಸೆಳೆತ ಯಾವುದು, ತಿರುವಿನ ಸೆಳೆತ ಯಾವುದು ಎಂದು ಬೇರೆ ಮಾಡಲು ಬರುವುದಿಲ್ಲ.

ಹಾಗಂತ ಗೈರೊ ಬರೀ ಗಿಮಿಕ್ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಹೆಬ್ಬೆರಳು ದೊಡ್ಡ ತಿರುವಿಗೆ ಸರಿ, ಕೂದಲೆಳೆಯಷ್ಟು ಸರಿಸುವುದಕ್ಕೆ ಮಣಿಕಟ್ಟೇ ಸೈ. ನಮ್ಮ ಮಳೆಗಾಲದಲ್ಲಿ ಇದು ಇನ್ನೂ ಉಪಯೋಗ. ತೀರ್ಥಹಳ್ಳಿ, ಹೊಸನಗರದ ಕಡೆ ಜುಲೈ ತಿಂಗಳಲ್ಲಿ ಒಣಗಿದ ಬೆರಳು ಎಲ್ಲಿಂದ ಬರಬೇಕು? ಒದ್ದೆ ಬೆರಳು ಗಾಜಿನ ಮೇಲೆ ತಡೆತಡೆದು ಜಾರುತ್ತದೆ, ಹನಿ ಬಿದ್ದರೆ ಸ್ಕ್ರೀನು ಅದನ್ನೂ ಬೆರಳೆಂದೇ ತಿಳಿಯುತ್ತದೆ. ಗುರಿಯ ಕೆಲಸ ಗೈರೊಗೆ ಹೋದರೆ ಗುರಿ ಹಿಡಿಯುತ್ತಿದ್ದ ಬೆರಳಿಗೆ ಉಳಿಯುವುದು ಫೈರ್ ಬಟನ್ ಒತ್ತಿ ಹಿಡಿಯುವುದು ಮಾತ್ರ.

ಕೆಡುವುದು ಎಲ್ಲಿ ಅಂದರೆ, ಬಟನ್ ಮಾಡುತ್ತಿದ್ದ ಕೆಲಸವನ್ನೇ ಕಿತ್ತು ಅಲುಗಾಟಕ್ಕೆ ಕೊಟ್ಟಾಗ. 2010ರಲ್ಲಿ ನಿಂಟೆಂಡೊದ ವೀ ಕನ್ಸೋಲಿಗೆ ಬಂದ ಡಾಂಕಿ ಕಾಂಗ್ ಕಂಟ್ರಿ ರಿಟರ್ನ್ಸ್‌ನಲ್ಲಿ ಉರುಳಬೇಕೆಂದರೆ ರಿಮೋಟ್ ಅಲ್ಲಾಡಿಸಬೇಕಿತ್ತು. ಉರುಳಿಕೊಂಡೇ ಅಂಚಿನಿಂದ ಜಿಗಿಯುವ ಜಾಗದಲ್ಲಿ ಕ್ಷಣ ತಪ್ಪಿದರೆ ಹಳ್ಳಕ್ಕೆ ಬಿದ್ದಂತೆಯೇ. ಬಟನ್ನಾದರೆ ಒತ್ತಿದ ಕೂಡಲೇ ಸುದ್ದಿ ಮುಟ್ಟುತ್ತದೆ. ಅಲುಗಾಟವಾದರೆ ಕೈ ಹೊರಟು, ವೇಗ ಒಂದು ಮಿತಿ ದಾಟಿದ ಮೇಲೆಯೇ ಲೆಕ್ಕಕ್ಕೆ. ನಿಂಟೆಂಡೊದ ಕೈಯಲ್ಲಿ ಹಿಡಿದು ಆಡುವ 3ಡಿಎಸ್‌ಗೆ 2013ರಲ್ಲಿ ಬಂದ ಆವೃತ್ತಿಯಲ್ಲಿ ಉರುಳುವುದು ಬಟನ್ನಿಗೆ ಬಂತು, ಆಟದಿಂದ ಏನೂ ಕಳೆದುಹೋಗಲಿಲ್ಲ. ರಿಮೋಟನ್ನೇ ಕತ್ತಿಯಂತೆ ಬೀಸುವ 2011ರ ವೀ ಗೇಮ್ ಸ್ಕೈವರ್ಡ್ ಸೋರ್ಡ್ ಬೇರೆ ಮಾತು. ಶತ್ರು ಎಡಕ್ಕೆ ತಡೆದರೆ ಬಲಗಡೆಯಿಂದ ಬೀಸಬೇಕು, ಕತ್ತಿಯ ದಿಕ್ಕೇ ಅಲ್ಲಿ ಒಗಟು. 2021ರಲ್ಲಿ ಬಟನ್ನಿನಲ್ಲೂ ಆಡುವಂತೆ ಮಾಡಿದಾಗ ಆ ದಿಕ್ಕನ್ನು ಬಲಗಡೆಯ ಸ್ಟಿಕ್ಕಿಗೆ ಕೊಡಲೇಬೇಕಾಯಿತು.

ಗೈರೊ ಹೊಸದಾಗಿ ಹಚ್ಚುವವರು ಮೊದಲು ಫೋನಿನಲ್ಲಿ ಆ ಸೆನ್ಸರ್ ಇದೆಯೇ ನೋಡಿ, ಅಗ್ಗದ ಎಷ್ಟೋ ಫೋನುಗಳಲ್ಲಿ ಬರೀ ಆಕ್ಸೆಲರೋಮೀಟರ್ ಇರುತ್ತದೆ. ‘ಆಲ್ವೇಸ್ ಆನ್’ ಬೇಡ, ಬಂದೂಕಿನ ಸ್ಕೋಪ್ ತೆರೆದಾಗ ಮಾತ್ರ ಗೈರೊ ಕೆಲಸ ಮಾಡುವ ‘ಸ್ಕೋಪ್ ಆನ್’ ಇಡಿ. ಟ್ರೈನಿಂಗ್‌ನಲ್ಲಿ ಗೋಡೆಗೆ ಒಂದು ಪೂರ್ತಿ ಮ್ಯಾಗಜೀನ್ ಖಾಲಿ ಮಾಡಿ. ಫೋನ್ ಬಾಗಿಸಿದರೂ ಗುಂಡು ಮೇಲೇರುತ್ತಿದ್ದರೆ ಗೈರೊ ಸೆನ್ಸಿಟಿವಿಟಿ 20 ಏರಿಸಿ, ಗುರಿ ನಡುಗಿದರೆ 10 ಇಳಿಸಿ. ಅದೇ ಹೊತ್ತಿಗೆ ಟಚ್ ಸೆನ್ಸಿಟಿವಿಟಿಗೂ ಕೈ ಹಾಕಿದರೆ ತಪ್ಪು ಯಾವುದರದ್ದು ಎಂದು ತಿಳಿಯುವುದಿಲ್ಲ.

ಕೈ ಅಲುಗದಿದ್ದರೂ ಗುರಿ ತಾನಾಗಿ ತೇಲುತ್ತಿದ್ದರೆ ಫೋನನ್ನು ಸಮನಾದ ಮೇಜಿನ ಮೇಲಿಟ್ಟು ಕ್ಯಾಲಿಬ್ರೇಟ್ ಮಾಡಿ, ಅಂದರೆ ಗೈರೊದ ಸೊನ್ನೆಯನ್ನು ಮತ್ತೆ ಹೊಂದಿಸಿ. ಆದರೆ ಬಿಸಿ ಇದ್ದಾಗ ಬೇಡ. ಶಾಖಕ್ಕೆ ಗೈರೊದ ಸೊನ್ನೆಯೇ ಸರಿಯುತ್ತದೆ. ಕರೆಂಟ್ ಬಂದ ಕೂಡಲೇ ಚಾರ್ಜಿಗೆ ಹಾಕಿ ಆಡತೊಡಗಿದಾಗ ಗುರಿ ತೇಲುವುದು ಬಹಳ ಸಲ ಇದಕ್ಕೇ.