ಸಮ್ಮೇಳನಕ್ಕೆಂದು ಕೊಡಗಿಗೆ ಹೋಗುವ ಮೇಷ್ಟ್ರುಗಳೇ, ಟೂರ್ ಪ್ಯಾಕೇಜಿಗೆ ದುಡ್ಡು ಕಟ್ಟುವ ಮುನ್ನ

ಶಿಕ್ಷಣ ಸಮ್ಮೇಳನಗಳ ಕರಪತ್ರದಲ್ಲಿ ರಿಜಿಸ್ಟ್ರೇಷನ್ ಶುಲ್ಕದ ಕೆಳಗೆ 'ಕ್ಯಾಂಪಸ್ ಭೇಟಿ ಮತ್ತು ಸ್ಥಳೀಯ ದರ್ಶನ' ಅಂತ ಒಂದು ಸಾಲು ಇರುತ್ತದೆ. ಅದಕ್ಕೆ ಬೇರೆ ದುಡ್ಡು. ನಿಮ್ಮ ಸಮ್ಮೇಳನ ಮಡಿಕೇರಿಯಲ್ಲೋ ಕುಶಾಲನಗರದಲ್ಲೋ ಇದ್ದರೆ ಆ ದುಡ್ಡು ಕಟ್ಟುವ ಮೊದಲು ಇದನ್ನು ಓದಿ. ನಾವು ತಲಾ ₹1,600 ಕಟ್ಟಿದೆವು. ಆ ಹಣಕ್ಕೆ ಸಿಕ್ಕಿದ್ದು ಒಂದು ಕಾಲೇಜಿನ ಗೇಟಿನ ಮುಂದೆ ಗ್ರೂಪ್ ಫೋಟೋ ಮತ್ತು ಒಂದು ಮಸಾಲೆ ಅಂಗಡಿ.

ಪಟ್ಟಿಯಲ್ಲಿ ಇದ್ದದ್ದು ಹೀಗೆ: ಬೆಳಿಗ್ಗೆ ಎಂಟಕ್ಕೆ ಮಡಿಕೇರಿ ಬಿಟ್ಟು ಪೊನ್ನಂಪೇಟೆಯ ಅರಣ್ಯ ಕಾಲೇಜು, ಅಲ್ಲಿಂದ ದುಬಾರೆ ಆನೆ ಶಿಬಿರ, ಕೂಡಿಗೆಯ ಶಿಕ್ಷಣ ಸಂಸ್ಥೆಗಳು, ಬೈಲಕುಪ್ಪೆಯ ಗೋಲ್ಡನ್ ಟೆಂಪಲ್, ವಾಪಸ್ ಬರುವಾಗ ಅಬ್ಬಿ ಜಲಪಾತ, ಸಂಜೆ ರಾಜಾಸೀಟಿನಲ್ಲಿ ಸೂರ್ಯಾಸ್ತ. ಎಲ್ಲವೂ ಒಂದೇ ದಿನ. ಕೊಡಗಿನ ನಕ್ಷೆ ತೆಗೆದು ನೋಡಿದವರು ಯಾರೂ ಈ ಪಟ್ಟಿ ಮಾಡಲಾರರು. ಪೊನ್ನಂಪೇಟೆ ಮಡಿಕೇರಿಯಿಂದ ದಕ್ಷಿಣಕ್ಕೆ ಸುಮಾರು 50 ಕಿಲೋಮೀಟರ್. ಕುಶಾಲನಗರ ಪೂರ್ವಕ್ಕೆ 30 ಕಿಲೋಮೀಟರ್. ಬೈಲಕುಪ್ಪೆಯಂತೂ ಕೊಡಗೇ ಅಲ್ಲ, ಕಾವೇರಿ ದಾಟಿದ ಮೇಲೆ ಬರುವ ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕು. ನಮ್ಮ ಹಾವೇರಿ ಕಡೆಯವರಿಗೆ 50 ಕಿಲೋಮೀಟರ್ ಅಂದರೆ ಒಂದು ತಾಸು. ಕೊಡಗಿನಲ್ಲಿ ಅದೇ ದೂರಕ್ಕೆ ಎರಡು ತಾಸು ಇಟ್ಟುಕೊಳ್ಳಿ. ತೋಟದ ಲಾರಿಯೊಂದು ಮುಂದೆ ಸಿಕ್ಕರೆ ಓವರ್‌ಟೇಕ್ ಮಾಡಲು ನೆಟ್ಟನೆಯ ರಸ್ತೆಯೇ ಸಿಗುವುದಿಲ್ಲ.

ಬಸ್ಸು ಬಂದದ್ದು ಒಂಬತ್ತೂಕಾಲಿಗೆ. ಅದು ಮಿನಿ ಬಸ್ಸು. ಸೀಟುಗಳು ತುಂಬಿದ ಮೇಲೆ ಉಳಿದವರಿಗೆ ನಡುದಾರಿಯಲ್ಲಿ ಪ್ಲಾಸ್ಟಿಕ್ ಸ್ಟೂಲ್ ಹಾಕಿದರು. ನಾನು ಕೂತ ಸೀಟಿನ ಬೆನ್ನು ಹಿಂದಕ್ಕೆ ಬಿದ್ದರೆ ಮತ್ತೆ ಮೇಲೇಳುತ್ತಿರಲಿಲ್ಲ, ಹಿಂದಿನ ಸಾಲಿನವರ ಮೊಣಕಾಲಿಗೆ ಒತ್ತುತ್ತಿತ್ತು. ಕಿಟಕಿಯ ಗಾಜು ಅರ್ಧಕ್ಕೆ ಸಿಕ್ಕಿಕೊಂಡಿತ್ತು. ಜನವರಿಯ ಮಂಜಿನ ಗಾಳಿ ಒಂದು ಕಡೆಯಿಂದ, ಡೀಸೆಲ್ ವಾಸನೆ ಇನ್ನೊಂದು ಕಡೆಯಿಂದ. ತಿರುವುಗಳಲ್ಲಿ ಸ್ಟೂಲ್ ಮೇಲಿದ್ದವರು ಸರಿದು ಬೇರೆಯವರ ತೊಡೆಯ ಮೇಲೆ ಬೀಳುತ್ತಿದ್ದರು. ನಿವೃತ್ತಿಯ ಅಂಚಿನಲ್ಲಿದ್ದ ಒಬ್ಬ ಹೆಡ್‌ಮಾಸ್ಟರ್ ವಿರಾಜಪೇಟೆ ಮುಟ್ಟುವಷ್ಟರಲ್ಲಿ ವಾಂತಿ ಮಾಡಿಕೊಂಡು ಸುಸ್ತಾದರು. ಬಸ್ಸಿನಲ್ಲಿ ಒಂದು ಬಾಟಲಿ ನೀರೂ ಇರಲಿಲ್ಲ.

ಇಷ್ಟನ್ನಾದರೂ ಸಹಿಸಬಹುದು. ನಿಂತು ಪ್ರಯಾಣ ಮಾಡುವುದು, ಚಳಿ, ಧೂಳು ಇವಕ್ಕೆಲ್ಲ ನಾನು ತಲೆ ಕೆಡಿಸಿಕೊಳ್ಳುವವಳಲ್ಲ. ಸಿಟ್ಟು ಬಂದದ್ದು ಬೇರೆ ಕಾರಣಕ್ಕೆ. ಕಾಲೇಜಿಗೆ ತಡವಾಗುತ್ತಿದ್ದರೂ ಚಾಲಕ ದಾರಿಯಲ್ಲಿ ಒಂದು ಅಂಗಡಿಯ ಮುಂದೆ ಬಸ್ ನಿಲ್ಲಿಸಿ, ಇಲ್ಲಿ ಶೌಚಾಲಯ ಇದೆ, ಇಳಿಯಿರಿ ಎಂದ. ಶೌಚಾಲಯಕ್ಕೆ ಹೋಗುವ ದಾರಿ ಏಲಕ್ಕಿ, ಕರಿಮೆಣಸು, ಚಾಕೊಲೇಟು, ವೈನು, ಜೇನಿನ ಕಪಾಟುಗಳ ನಡುವೆ ಹಾದುಹೋಗುತ್ತದೆ. ಮುಕ್ಕಾಲು ತಾಸು ಅಲ್ಲೇ ಕಳೆಯಿತು. ಜೇನು ಬೇಕಿದ್ದವರಿಗೆ ವಿರಾಜಪೇಟೆಯಲ್ಲೂ ಭಾಗಮಂಡಲದಲ್ಲೂ ಜೇನು ಕೃಷಿಕರ ಸಹಕಾರ ಸಂಘಗಳಿವೆ, ಅಲ್ಲಿ ಕೊಳ್ಳಿ. ಕಾಫಿಪುಡಿಯನ್ನು ಪೇಟೆಯಲ್ಲಿ ಊರವರು ಕೊಳ್ಳುವ ಅಂಗಡಿಯಲ್ಲಿ, ಕಣ್ಣೆದುರೇ ಪುಡಿ ಮಾಡಿಸಿಕೊಂಡು, ಚಿಕೋರಿ ಎಷ್ಟು ಅಂತ ಬಾಯಿಬಿಟ್ಟು ಹೇಳಿ ತೆಗೆದುಕೊಳ್ಳಿ.

ಪೊನ್ನಂಪೇಟೆ ತಲುಪಿದಾಗ ಮಧ್ಯಾಹ್ನದ ಹತ್ತಿರ. ಟೂರಿನವರು ಕಾಲೇಜಿಗೆ ಒಂದು ಪತ್ರವನ್ನೂ ಬರೆದಿರಲಿಲ್ಲ. ಗೇಟಿನಲ್ಲಿದ್ದವರು ಸಭ್ಯವಾಗಿಯೇ, ಅನುಮತಿ ಇಲ್ಲದೆ ಲ್ಯಾಬ್ ತೋರಿಸಲು ಆಗುವುದಿಲ್ಲ ಎಂದರು. ಅವರದು ತಪ್ಪೇನೂ ಇಲ್ಲ, ಪಾಠ ನಡೆಯುವ ಜಾಗ ಅದು. ಬ್ಯಾನರ್ ಬಿಚ್ಚಿ ಫೋಟೋ ತೆಗೆಸಿಕೊಂಡು ಹೊರಟೆವು. ದುಬಾರೆ ತಲುಪುವಷ್ಟರಲ್ಲಿ ಆನೆಗಳ ಸ್ನಾನ ಮುಗಿದು ದೋಣಿಗೆ ಉದ್ದ ಸಾಲು. ಕೂಡಿಗೆಯನ್ನು ಕಿಟಕಿಯಿಂದ ತೋರಿಸಿದರು. ಅಬ್ಬಿ ಬಿಟ್ಟೇ ಬಿಟ್ಟರು. ರಾಜಾಸೀಟಿಗೆ ಬಂದಾಗ ಸೂರ್ಯ ಮುಳುಗಿ ಕತ್ತಲಾಗಿತ್ತು. ಹಣ ವಾಪಸ್ ಕೇಳಿದವರಿಗೆ, ಪಟ್ಟಿಯ ಕೊನೆಯಲ್ಲಿ 'ಸಮಯಾವಕಾಶಕ್ಕೆ ಅನುಗುಣವಾಗಿ' ಅಂತ ಬರೆದಿದೆ ನೋಡಿ ಎಂಬ ಉತ್ತರ ಸಿಕ್ಕಿತು.

ಸಮಾರೋಪ ಮುಗಿದ ಮೇಲೆ ನಾವು ಮೂವರು ಉಳಿದುಕೊಂಡು ಎಲ್ಲವನ್ನೂ ನಮ್ಮಷ್ಟಕ್ಕೆ ಮತ್ತೆ ನೋಡಿದೆವು. ಈಗ ಹೇಳುವುದು ಆ ಅನುಭವದಿಂದ.

ಮೊದಲನೆಯದಾಗಿ, ಕೊಡಗಿನಲ್ಲಿ ಶಿಕ್ಷಕರು ನೋಡಲೇಬೇಕಾದದ್ದು ವ್ಯೂ ಪಾಯಿಂಟುಗಳಿಗಿಂತ ಈ ಕ್ಯಾಂಪಸ್ಸುಗಳನ್ನೇ. ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯ 1995ರಲ್ಲಿ ಶುರುವಾದದ್ದು, ಈಗ ಶಿವಮೊಗ್ಗದ ಕೆಳದಿ ಶಿವಪ್ಪನಾಯಕ ಕೃಷಿ ವಿಶ್ವವಿದ್ಯಾಲಯದ ಅಡಿಯಲ್ಲಿದೆ. ನಮ್ಮ ಶಾಲೆಯ ಲೆಟರ್‌ಹೆಡ್‌ನಲ್ಲಿ ಡೀನ್ ಅವರಿಗೆ ಒಂದು ಮನವಿ ಕಳಿಸಿದೆವು. ಎಷ್ಟು ಜನ, ಯಾವ ವಿಷಯದ ಶಿಕ್ಷಕರು, ಏನು ನೋಡಬೇಕು ಅಂತ ನಾಲ್ಕು ಸಾಲು. ಅಷ್ಟೇ ಸಾಕಾಯಿತು. ಒಬ್ಬ ಸ್ನಾತಕೋತ್ತರ ವಿದ್ಯಾರ್ಥಿನಿ ನಮ್ಮ ಜೊತೆ ಬಂದಳು. ತೇಗದ ಅಡ್ಡಸೀಳಿಕೆಯ ಒಂದು ತುಂಡನ್ನು ಕೈಗಿಟ್ಟು, ಮಸೂರ ಕೊಟ್ಟು, ವರ್ಷದ ಉಂಗುರ ಶುರುವಾಗುವಲ್ಲಿ ಸಾಲಾಗಿ ನಿಂತ ದೊಡ್ಡ ರಂಧ್ರಗಳನ್ನು ತೋರಿಸಿದಳು. ಪಕ್ಕದಲ್ಲಿ ಸಿಲ್ವರ್ ಓಕ್ ತುಂಡು. ಕಾಫಿ ತೋಟಗಳಲ್ಲಿ ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಲು ಅನುಕೂಲ, ಕಡಿದು ಮಾರಲೂ ಸುಲಭ, ಹಾಗಾಗಿ ಕಾಡುಮರಗಳ ನೆರಳಿನ ಜಾಗಕ್ಕೆ ಅದು ಬಂದು ಕೂತಿದೆ ಎಂದಳು. ಆಮೇಲೆ ಬಸ್ಸಿನಲ್ಲಿ ಹೋಗುವಾಗ ಯಾವ ತೋಟದಲ್ಲಿ ಹಳೆಯ ಮರಗಳ ನೆರಳಿದೆ, ಯಾವುದರಲ್ಲಿ ಬರೀ ಸಿಲ್ವರ್ ಓಕ್ ಕಂಬಗಳ ಹಾಗೆ ನಿಂತಿದೆ ಅಂತ ನಮಗೇ ಗೊತ್ತಾಗತೊಡಗಿತು. ಹತ್ತನೇ ತರಗತಿಗೆ ಪರಿಸರದ ಪಾಠ ಮಾಡುವಾಗ ಈಗ ನನ್ನ ಬಳಿ ಹೇಳಲು ಇದೆ.

ದೇವರಕಾಡಿನ ಬಗ್ಗೆಯೂ ಅಲ್ಲೇ ಕೇಳಿ. ಕೊಡಗಿನಲ್ಲಿ ಇಂಥವು 1,200ಕ್ಕೂ ಹೆಚ್ಚಿವೆ, ಬಹುತೇಕ ಊರಿಗೊಂದು. ಹೊರಗಿನಿಂದ ನೋಡಿದರೆ ತೋಟದ ನಡುವಿನ ಒಂದು ಕಾಡಿನ ತುಣುಕು ಅಷ್ಟೇ. ಊರವರನ್ನು ಕೇಳದೆ ಒಳಗೆ ಕಾಲಿಡಬೇಡಿ, ಅದು ಅವರಿಗೆ ದೇವರ ಜಾಗ.

ಮಡಿಕೇರಿಯಿಂದ ಸಿದ್ದಾಪುರದ ದಾರಿಯಲ್ಲಿರುವ ಚೆಟ್ಟಳ್ಳಿಯಲ್ಲಿ ಕಾಫಿ ಮಂಡಳಿಯ ಸಂಶೋಧನಾ ಉಪಕೇಂದ್ರವಿದೆ, 1946ರದ್ದು. ಅಲ್ಲೂ ಮೊದಲೇ ಬರೆದು ಹೋಗಬೇಕು. ಅರೇಬಿಕಾ ಮತ್ತು ರೊಬಸ್ಟಾ ಗಿಡಗಳನ್ನು ಅಕ್ಕಪಕ್ಕ ನೋಡಿದರೆ ಎಲೆಯ ಅಳತೆಯಲ್ಲೇ ವ್ಯತ್ಯಾಸ ಗೊತ್ತಾಗುತ್ತದೆ. ಬಿಳಿ ಕಾಂಡಕೊರಕ ಅರೇಬಿಕಾ ಗಿಡದ ಕಾಂಡದೊಳಗೆ ಸುರಂಗ ಕೊರೆದು ಹೇಗೆ ಒಣಗಿಸುತ್ತದೆ ಅಂತ ತೋರಿಸಿದರು. ಬೆಳೆಗಾರರು ಯಾಕೆ ರೊಬಸ್ಟಾ ಕಡೆ ವಾಲಿದರು ಎಂಬುದಕ್ಕೆ ಅದೂ ಒಂದು ಉತ್ತರ. ನಾವು ಹೋದಾಗ ರೊಬಸ್ಟಾ ಕೊಯ್ಲು, ಕಣಗಳ ತುಂಬ ಹಣ್ಣು ಹರಡಿತ್ತು. ಹೂವು ನೋಡಬೇಕಿದ್ದರೆ ಫೆಬ್ರವರಿ, ಮಾರ್ಚಿನ ಹೂಮಳೆ ಬಿದ್ದ ಮೇಲೆ ಹೋಗಬೇಕು. ಏಲಕ್ಕಿಯಲ್ಲಿ ಆಸಕ್ತಿ ಇರುವವರಿಗೆ ಮಡಿಕೇರಿಗೆ ಹತ್ತಿರದ ಅಪ್ಪಂಗಳದಲ್ಲಿ ಭಾರತೀಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ.

ಕುಶಾಲನಗರದ ಕಡೆಯದನ್ನು ಬೇರೊಂದು ದಿನಕ್ಕೆ ಇಡಿ. ಕೂಡಿಗೆಯಲ್ಲಿ ಜಿಲ್ಲೆಯ ಡಯಟ್ (ಶಿಕ್ಷಕರ ತರಬೇತಿ ಸಂಸ್ಥೆ) ಇದೆ, 2007ರಲ್ಲಿ ಆರಂಭವಾದ ಸೈನಿಕ ಶಾಲೆ ಇದೆ. ಸೈನಿಕ ಶಾಲೆಗೆ ಲಿಖಿತ ಅನುಮತಿ ಇಲ್ಲದೆ ಹೋಗುವ ಯೋಚನೆಯೇ ಬೇಡ. ಚಿಕ್ಕ ಅಳುವಾರದಲ್ಲಿ, ಹಿಂದೆ ಮಂಗಳೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿದ್ದ ಜ್ಞಾನಕಾವೇರಿ ಆವರಣದಲ್ಲಿ, 2023ರಲ್ಲಿ ಕೊಡಗು ವಿಶ್ವವಿದ್ಯಾಲಯ ಶುರುವಾಯಿತು.

ಆದರೆ ಆ ಕಡೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೈಲಕುಪ್ಪೆಯ ಸೆರಾ ಮಠ. ಎಲ್ಲ ಟೂರುಗಳೂ ನಾಮ್‌ಡ್ರೋಲಿಂಗ್‌ನ (ಗೋಲ್ಡನ್ ಟೆಂಪಲ್ ಅನ್ನುವುದು ಇದನ್ನೇ) ಚಿನ್ನದ ಬುದ್ಧರನ್ನು ತೋರಿಸಿ ವಾಪಸ್ ಕರೆತರುತ್ತವೆ. ಸೆರಾ ಅದೇ ಟಿಬೆಟನ್ ಕಾಲೋನಿಯಲ್ಲಿ ಇನ್ನಷ್ಟು ಒಳಗೆ ಇದೆ, ಆಟೋದವರಿಗೆ ಹೆಸರು ಹೇಳಿದರೆ ಸಾಕು. 1419ರಲ್ಲಿ ಲ್ಹಾಸಾದ ಬಳಿ ಕಟ್ಟಿದ ಮಠದ ಪರಂಪರೆ ಇಲ್ಲಿ ಮುಂದುವರಿದಿದೆ. ಸಂಜೆ ಅಂಗಳದಲ್ಲಿ ಭಿಕ್ಷುಗಳ ವಾದ ನಡೆಯುತ್ತದೆ. ಉತ್ತರಿಸುವವನು ನೆಲದ ಮೇಲೆ ಕೂತಿರುತ್ತಾನೆ, ಪ್ರಶ್ನಿಸುವವನು ನಿಂತಿರುತ್ತಾನೆ. ಪ್ರಶ್ನೆ ಮುಗಿಯುವ ಕ್ಷಣಕ್ಕೆ ಸರಿಯಾಗಿ ಎಡಗಾಲನ್ನು ನೆಲಕ್ಕೆ ಅಪ್ಪಳಿಸಿ ಒಂದು ಅಂಗೈಯನ್ನು ಇನ್ನೊಂದರ ಮೇಲೆ ಹೊಡೆಯುತ್ತಾನೆ. ಹದಿನಾಲ್ಕು ಹದಿನೈದರ ಹುಡುಗರೂ ಹಾಗೇ ಎದುರುಬದುರಾಗಿ ವಾದ ಮಾಡುತ್ತಿದ್ದರು. ಪ್ರಶ್ನೆ ಕೇಳುವುದನ್ನು ಇಷ್ಟು ಮೈಮನಸ್ಸಿನಿಂದ ಕಲಿಸುವ ತರಗತಿಯನ್ನು ನಾನು ಬೇರೆಲ್ಲೂ ನೋಡಿಲ್ಲ. ಸಮ್ಮೇಳನದಲ್ಲಿ 'ವಿದ್ಯಾರ್ಥಿ ಕೇಂದ್ರಿತ ಕಲಿಕೆ' ಅಂತ ಅಷ್ಟು ಸ್ಲೈಡ್ ತೋರಿಸಿದರಲ್ಲ, ಪ್ರತಿನಿಧಿಗಳನ್ನೆಲ್ಲ ಈ ಅಂಗಳಕ್ಕೆ ಕರೆತರಬೇಕಿತ್ತು ಅಂತ ನಿಜಕ್ಕೂ ಅನ್ನಿಸಿತು. ದೂರ ನಿಂತು ಸುಮ್ಮನೆ ನೋಡಿ, ನಡುವೆ ನುಗ್ಗಿ ವಿಡಿಯೋ ಮಾಡಬೇಡಿ. ರಜೆಯ ದಿನ ವಾದ ಇರುವುದಿಲ್ಲ, ಅಲ್ಲಿನ ಅಂಗಡಿಗಳಲ್ಲೇ ವಿಚಾರಿಸಿಕೊಳ್ಳಿ. ನಿಮ್ಮ ಜೊತೆ ವಿದೇಶಿ ಪ್ರತಿನಿಧಿಗಳಿದ್ದು ಕಾಲೋನಿಯಲ್ಲಿ ರಾತ್ರಿ ತಂಗಬೇಕಿದ್ದರೆ ಅವರಿಗೆ ಮೊದಲೇ ಸರ್ಕಾರದ ಪರವಾನಗಿ ಬೇಕು.

ಊಟದ ವಿಷಯಕ್ಕೆ ಬರುತ್ತೇನೆ. ಸಮ್ಮೇಳನದ ಊಟ ಎಲ್ಲ ಕಡೆಯಂತೆಯೇ: ಪನೀರು, ಫ್ರೈಡ್ ರೈಸು, ಜಾಮೂನು. ಕೊಡಗಿಗೆ ಬಂದು ಅದನ್ನೇ ತಿಂದು ಹೋಗಬೇಡಿ. ಗೋಣಿಕೊಪ್ಪದ ಬಸ್ ನಿಲ್ದಾಣದಿಂದ ಸ್ವಲ್ಪವೇ ದೂರದಲ್ಲಿ, ನಾಲ್ಕು ಮೇಜಿನ ಒಂದು ಹೋಟೆಲು. ಹೊರಗೆ ಬಣ್ಣ ಮಾಸಿದ ಬೋರ್ಡು, ಒಳಗೆ ತಾಯಿ ಮಗಳು ಇಬ್ಬರೇ. ಬೆಳಿಗ್ಗೆ ನೂಪುಟ್ಟು (ಅಕ್ಕಿ ಶಾವಿಗೆ), ಮಧ್ಯಾಹ್ನ ಕಡಂಬುಟ್ಟು (ಅಕ್ಕಿ ತರಿಯ ಉಂಡೆ ಕಡುಬು), ಎರಡೂ ಹೊತ್ತು ಅಕ್ಕಿ ರೊಟ್ಟಿ. ರೊಟ್ಟಿಗೆ ಅನ್ನವನ್ನೂ ಅಕ್ಕಿ ಹಿಟ್ಟನ್ನೂ ಸೇರಿಸಿ ನಾದುತ್ತಾರೆ. ತಾಯಿ ಬಾಳೆ ಎಲೆಯ ಮೇಲೆ ತೆಳ್ಳಗೆ ತಟ್ಟಿ, ಹೆಂಚಿನ ಮೇಲೆ ಎರಡೂ ಬದಿ ಒಣಗಿಸಿ, ಆಮೇಲೆ ನೇರ ಕೆಂಡಕ್ಕೆ ಒಡ್ಡುತ್ತಿದ್ದರು. ಉಬ್ಬಿ, ಅಲ್ಲಲ್ಲಿ ಕಪ್ಪು ಚುಕ್ಕೆ ಬೀಳುತ್ತಿದ್ದಂತೆ ತಟ್ಟೆಗೆ. ಜೊತೆಗೆ ಎಳ್ಳಿನ ಚಟ್ನಿ, ಸಿಹಿಗುಂಬಳದ ಪಲ್ಯ. ಮಾಂಸ ತಿನ್ನುವವರಿಗೆ ಕೋಳಿ ಸಾರು, ಕಾಚಂಪುಳಿ ಎಂಬ ಹುಳಿ ಹಾಕಿ ಕಪ್ಪಗೆ ಬೇಯಿಸಿದ ಪಂದಿ (ಹಂದಿಮಾಂಸದ) ಕರಿ. ನೂಪುಟ್ಟನ್ನು ಮರದ ಒತ್ತಿನಲ್ಲಿ ಒತ್ತುವಾಗ ಮಗಳು ಇಡೀ ಮೈಭಾರ ಹಾಕುತ್ತಿದ್ದಳು. ಆ ಬಿಸಿ ಎಳೆಗಳ ಮೇಲೆ ಕೋಳಿ ಸಾರು ಸುರಿದುಕೊಂಡು ತಿಂದವರು ಇನ್ನೊಂದು ತಟ್ಟೆ ಕೇಳದೆ ಏಳುವುದಿಲ್ಲ. ಹೊಟ್ಟೆ ತುಂಬ ತಿಂದು ಕಾಫಿ ಕುಡಿದರೂ ಒಬ್ಬರಿಗೆ ₹140 ದಾಟಲಿಲ್ಲ. ಇದೇ ಊಟಕ್ಕೆ ಮಡಿಕೇರಿಯ ನಮ್ಮ ಹೋಂಸ್ಟೇಯಲ್ಲಿ ₹450 ಹೇಳಿದ್ದರು, ಅದೂ ಹಿಂದಿನ ದಿನವೇ ಆರ್ಡರ್ ಕೊಟ್ಟರೆ ಮಾತ್ರ. ಮಧ್ಯಾಹ್ನ ಒಂದೂವರೆಯೊಳಗೇ ಹೋಗಿ, ಎರಡಕ್ಕೆ ಎಲ್ಲ ಖಾಲಿ.

ಜನಜಂಗುಳಿ ನನಗೆ ಆಗುವುದಿಲ್ಲ, ಆದ್ದರಿಂದ ಈ ಮುಂದಿನ ಮಾತನ್ನು ಅದಕ್ಕೆ ತಕ್ಕಂತೆ ಓದಿಕೊಳ್ಳಿ. ವಾರಾಂತ್ಯದಲ್ಲಿ ಅಬ್ಬಿ, ದುಬಾರೆ, ರಾಜಾಸೀಟು ಮೂರೂ ಬೇಡ. ದುಬಾರೆಗೆ ವಾರದ ದಿನ ಬೆಳಿಗ್ಗೆಯೇ ತಲುಪಿದರೆ ಆನೆಗಳು ನೀರಿಗಿಳಿಯುವುದು ಸಿಗುತ್ತದೆ. ಮಳೆಗಾಲದಲ್ಲಿ ಕಾವೇರಿ ಏರಿದರೆ ದೋಣಿ ನಿಲ್ಲಿಸುತ್ತಾರೆ. ರಾಜಾಸೀಟಿಗೆ ಸೂರ್ಯಾಸ್ತದ ಬದಲು ಮುಂಜಾನೆ ಹೋಗಿ, ಕಣಿವೆಯ ಮಂಜೂ ಖಾಲಿ ಬೆಂಚೂ ಎರಡೂ ಸಿಗುತ್ತವೆ. ಮಡಿಕೇರಿಯ ಒಳಗೇ ನಡೆದು ನೋಡುವಂಥದ್ದು ಎರಡಿವೆ: ಕೋಟೆ, ಮತ್ತು ಜನರಲ್ ತಿಮ್ಮಯ್ಯನವರ ಮನೆ ಸನ್ನಿಸೈಡ್. ಕೋಟೆಯೊಳಗಿನ ಹಳೆಯ ಚರ್ಚ್ ಕಟ್ಟಡದಲ್ಲಿ ವಸ್ತುಸಂಗ್ರಹಾಲಯವಿದೆ, ಅಂಗಳದಲ್ಲಿ ಗಾರೆಯ ಎರಡು ಆನೆಗಳು ನಿಂತಿವೆ. 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದ ತಿಮ್ಮಯ್ಯನವರ ಮನೆ 2021ರಲ್ಲಿ ಮ್ಯೂಸಿಯಂ ಆಯಿತು. ಸಮ್ಮೇಳನದ ಊಟದ ವಿರಾಮ ಉದ್ದ ಇದ್ದರೆ ಅಷ್ಟರಲ್ಲೇ ಒಂದನ್ನು ಮುಗಿಸಬಹುದು.

ಓಡಾಟಕ್ಕೆ ಲೈನ್ ಬಸ್ಸೇ ಸಾಕು. ಮಡಿಕೇರಿಯಲ್ಲಿ ಸರ್ಕಾರಿ ನಿಲ್ದಾಣ ಬೇರೆ, ಖಾಸಗಿ ನಿಲ್ದಾಣ ಬೇರೆ. ವಿರಾಜಪೇಟೆ, ಗೋಣಿಕೊಪ್ಪದ ಕಡೆ ಖಾಸಗಿ ಬಸ್ಸುಗಳು ಹೆಚ್ಚು. ಹೆಣ್ಣುಮಕ್ಕಳ ಶಕ್ತಿ ಯೋಜನೆಯ ಉಚಿತ ಟಿಕೆಟ್ ಅವುಗಳಲ್ಲಿ ನಡೆಯುವುದಿಲ್ಲ, ಚಿಲ್ಲರೆ ಇಟ್ಟುಕೊಳ್ಳಿ. ಸಿದ್ದಾಪುರದ ಸುತ್ತ ತೋಟಗಳಿಗೆ ಕಾಡಾನೆಗಳು ಬರುತ್ತವೆ. ನಸುಕಿನಲ್ಲಿ ಅಥವಾ ಕತ್ತಲಾದ ಮೇಲೆ ತೋಟದ ದಾರಿಯಲ್ಲಿ ವಾಕಿಂಗ್ ಹೋಗಬೇಡಿ, ಹೋಂಸ್ಟೇಯವರು ಏನೂ ಆಗಲ್ಲ ಎಂದರೂ ಸರಿ.

ಇಷ್ಟೆಲ್ಲ ಆದ ಮೇಲೂ ಸಮ್ಮೇಳನದ ಟೂರಿಗೇ ಹೋಗುವುದಾದರೆ, ದುಡ್ಡು ಕಟ್ಟುವ ಮೊದಲು ಸಂಘಟಕರನ್ನು ಕೇಳಿ: ಯಾವ ಕ್ಯಾಂಪಸ್ಸಿನಿಂದ ಅನುಮತಿ ಪತ್ರ ಬಂದಿದೆ, ಅದರ ಪ್ರತಿ ತೋರಿಸುತ್ತೀರಾ? ಒಳಗೆ ಎಷ್ಟು ಹೊತ್ತು? ಬಸ್ಸಿನಲ್ಲಿ ಎಷ್ಟು ಸೀಟು, ಎಷ್ಟು ಜನ? ಅಂಗಡಿಗಳ ಮುಂದೆ ನಿಲ್ಲಿಸುವುದಿಲ್ಲ ಎಂದು ಬರೆದು ಕೊಡುತ್ತೀರಾ? ಭಾನುವಾರ ಅಥವಾ ಎರಡನೇ ಶನಿವಾರ ಕ್ಯಾಂಪಸ್ ಭೇಟಿ ಇಟ್ಟಿದ್ದರೆ ಆ ಪಟ್ಟಿಯನ್ನು ನಂಬಬೇಡಿ, ಅವತ್ತು ತೋರಿಸುವವರು ಯಾರೂ ಇರುವುದಿಲ್ಲ.

ಹೊರಡುವ ದಿನದ ಬಗ್ಗೆ ಒಂದು ಮಾತು. ಕೊಡಗಿಗೆ ರೈಲಿಲ್ಲ, ಹಾವೇರಿ, ದಾವಣಗೆರೆ ಕಡೆಯವರು ಮೈಸೂರಿಗೆ ಬಂದು ರೈಲು ಹಿಡಿಯಬಹುದು. ಭಾನುವಾರ ಸಂಜೆ ಮೈಸೂರಿನ ಬಸ್ಸುಗಳು ಮಡಿಕೇರಿಯಲ್ಲೇ ತುಂಬಿಬಿಡುತ್ತವೆ, ಕುಶಾಲನಗರದಲ್ಲಿ ಹತ್ತಿದವರು ಹುಣಸೂರಿನ ತನಕ ನಿಂತೇ ಹೋಗುತ್ತಾರೆ. ಮಡಿಕೇರಿಯಿಂದಲೇ ಹತ್ತಿ, ರೈಲಿನ ಸಮಯಕ್ಕೆ ನಾಲ್ಕೂವರೆ ತಾಸು ಮೊದಲು ಹೊರಡಿ. ಓಓಡಿಗೆ (ಅನ್ಯ ಕರ್ತವ್ಯದ ಮೇಲೆ ಹೋಗಿದ್ದೆ ಎಂದು ತೋರಿಸಲು) ಬೇಕಾದ ಹಾಜರಾತಿ ಪತ್ರವನ್ನು ಸಮಾರೋಪದ ದಿನವೇ ಸೀಲು ಹಾಕಿಸಿಕೊಂಡಿರಿ, ಮರುದಿನ ಆ ಮೇಜಿನಲ್ಲಿ ಯಾರೂ ಇರುವುದಿಲ್ಲ.