ಪುಣೆ ಪಾಲಿಕೆಯ ಬಾಗಿಲಲ್ಲಿ ಅಕ್ಕನ ಮಗ

ಹನ್ನೊಂದು ವರ್ಷದ ಹಿಂದೆ ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನಿಂದ ಪುಣೆಗೆ ಬಂದು ನೆಲೆಸಿದವಳು ನಾನು. ಕಳೆದ ವರ್ಷ ಮಳೆಗಾಲದ ಮೊದಲಲ್ಲಿ ಅಕ್ಕ ಫೋನ್ ಮಾಡಿ, "ಮಗ ಐಟಿಐ ಮುಗಿಸಿ ಸುಮ್ಮನೆ ಕುಳಿತಿದ್ದಾನೆ. ನಿನ್ನ ಬಳಿ ಕಳಿಸುತ್ತೇನೆ, ಎಲ್ಲಾದರೂ ಕೆಲಸಕ್ಕೆ ಹಚ್ಚು" ಎಂದಳು. ನಮ್ಮ ಕಡೆಯವರಿಗೆ ಪುಣೆ ಎಂದರೆ ಗೌಂಡಿ ಕೆಲಸ, ಇಲ್ಲವೇ ಪಕ್ಕದ ಕೈಗಾರಿಕಾ ಪ್ರದೇಶ ಚಾಕಣದ ಕಂಪನಿ. ಮಹಾನಗರ ಪಾಲಿಕೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಾನೂ ಹಿಡಿದಿರಲಿಲ್ಲ. ಮನೆಪಟ್ಟಿ, ಅಂದರೆ ಮನೆ ತೆರಿಗೆ, ಕಟ್ಟಲು ಪಾಲಿಕೆಯ ಕ್ಷೇತ್ರೀಯ ಕಾರ್ಯಾಲಯಕ್ಕೆ ಹೋದಾಗ ಹುಡುಗನೂ ಜೊತೆಗಿದ್ದ. ಅವನು ಎಲೆಕ್ಟ್ರಿಷಿಯನ್ ಓದಿದ್ದಾನೆಂದು ತಿಳಿದ ಗುಮಾಸ್ತರೊಬ್ಬರು, "ಕಾಯಮ್ ನೌಕರಿಯ ಭರತಿ ಬೇರೆ, ಶಿಕಾವು ಉಮೇದವಾರ ಬೇರೆ. ಎರಡನೆಯದನ್ನು ನೋಡಿ" ಎಂದರು. ಅವರಾಡಿದ ಆ ಒಂದು ಮಾತಿಗೆ ನಾನು ಇಂದಿಗೂ ಋಣಿ.

ಶಿಕಾವು ಉಮೇದವಾರ ಎಂದರೆ ನಮ್ಮ ಅಪ್ರೆಂಟಿಸ್. 1961ರ ಕಾನೂನಿನ ಪ್ರಕಾರ 30 ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಕಡೆ ನೂರಕ್ಕೆ ಎರಡೂವರೆಯಿಂದ ಹದಿನೈದರಷ್ಟು ಜನರನ್ನು ಹೀಗೆ ತೆಗೆದುಕೊಂಡು ಕೆಲಸ ಕಲಿಸಬೇಕು. ಪಾಲಿಕೆಗಳೂ ಇದರಡಿ ಐಟಿಐ ಮುಗಿಸಿದ ಹುಡುಗರನ್ನು ಕರೆಯುತ್ತವೆ. ಯೋಚಿಸಿ ನೋಡಿದರೆ ಒಂದು ಊರನ್ನು ನಡೆಸಲು ಏನೆಲ್ಲ ಬೇಕು! ಬೀದಿ ದೀಪ, ಪರ್ವತಿಯ ಜಲಕೇಂದ್ರದ ಪಂಪುಗಳು, ಪಾಲಿಕೆ ಆಸ್ಪತ್ರೆಗಳ ವೈರಿಂಗ್, ಕಸದ ಗಾಡಿಗಳ ದುರಸ್ತಿ. ವೈರಮನ್, ಫಿಟ್ಟರ್, ಪ್ಲಂಬರ್ ಇಲ್ಲದೆ ಒಂದು ದಿನವೂ ಸಾಗದು. ಪಕ್ಕದ ಪಿಂಪ್ರಿ-ಚಿಂಚವಾಡ ಪಾಲಿಕೆಯಂತೂ ಮೋರವಾಡಿಯಲ್ಲಿ ತನ್ನದೇ ಐಟಿಐ ನಡೆಸುತ್ತದೆ. ತರಬೇತಿ ಮುಗಿಸಿ ಅಖಿಲ ಭಾರತ ಪರೀಕ್ಷೆ ಪಾಸಾದರೆ ಸಿಗುವ ರಾಷ್ಟ್ರೀಯ ಪ್ರಮಾಣಪತ್ರ ಪುಣೆಯಲ್ಲಿ ನಡೆಯುವಂತೆ ವಿಜಯಪುರದಲ್ಲೂ ನಡೆಯುತ್ತದೆ. ಊರಿಗೆ ಮರಳುವ ಆಸೆ ಇರುವವರಿಗೆ ಇದಕ್ಕಿಂತ ಇನ್ನೇನು ಬೇಕು?

ಅರ್ಜಿ ತುಂಬುವುದು ಮೊಬೈಲಿನಲ್ಲೇ ಆಗುತ್ತದೆ. ನಮ್ಮ ಮೂರು ವಾರ ತಿಂದದ್ದು ಹೆಸರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹುಡುಗನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಮೂರೂ ಇದ್ದವು. ಆಧಾರಿನಲ್ಲಿ ಅಡ್ಡಹೆಸರೇ ಇರಲಿಲ್ಲ. ಬ್ಯಾಂಕಿನ ಪುಸ್ತಕದಲ್ಲಿ ತಂದೆಯ ಹೆಸರಿನ ಕಾಗುಣಿತ ಇನ್ನೊಂದು ತೆರ. ಇಲ್ಲಿಯ ನಮೂನೆಗಳಲ್ಲಿ ಅಡ್ಡಹೆಸರೇ ಮೊದಲು ಬರಬೇಕು. ಮೂರು ಕಾಗದದಲ್ಲಿ ಮೂರು ಜನರಂತೆ ಕಾಣುವ ಹುಡುಗನನ್ನು ಯಾವ ಕಚೇರಿಯೂ ಒಪ್ಪುವುದಿಲ್ಲ. ಅವನು ಮತ್ತೆ ಊರಿಗೆ ಹೋಗಿ, ಶಾಲೆಯ ದಾಖಲಾತಿ ಪುಸ್ತಕ ತೆಗೆಸಿ, ಆಧಾರ್ ತಿದ್ದಿಸಿಕೊಂಡು ಬರುವಷ್ಟರಲ್ಲಿ ಆ ಸಲದ ಗಡುವು ಮುಗಿದಿತ್ತು. ಅಂದು ರಾತ್ರಿ ಅವನು ಊಟ ಮಾಡಲಿಲ್ಲ. "ಚಿಗವ್ವ, ಇಷ್ಟು ಸಣ್ಣದಕ್ಕೆ ವರ್ಷ ಹೋಯಿತಲ್ಲ" ಎಂದ. ಊರಲ್ಲಿರುವ ತಾಯಂದಿರೇ, ಮಕ್ಕಳನ್ನು ಬಸ್ಸಿಗೆ ಹತ್ತಿಸುವ ಮುನ್ನ ಕಾಗದಗಳನ್ನು ನೆಲದ ಮೇಲೆ ಸಾಲಾಗಿ ಹರಡಿ, ಒಂದೊಂದೇ ಅಕ್ಷರ ಹೋಲಿಸಿ ನೋಡಿ.

ಕಾಯಮ್ ನೌಕರಿಯ ದಾರಿ ಬೇರೆ. ಅದಕ್ಕೆ ಜಾಹೀರಾತು ಬರಬೇಕು, ಆನ್‌ಲೈನ್ ಪರೀಕ್ಷೆ ಗೆಲ್ಲಬೇಕು. ಮರಾಠಿ ಓದಲು, ಬರೆಯಲು, ಮಾತನಾಡಲು ಬರಲೇಬೇಕು. ಮುಂಬೈ ಪಾಲಿಕೆ ತನ್ನ ಗುಮಾಸ್ತ ಹುದ್ದೆಗೆ ಹತ್ತನೆಯ ತರಗತಿಯಲ್ಲಿ 100 ಅಂಕದ ಮರಾಠಿ ಪತ್ರಿಕೆ ಪಾಸಾಗಿರಬೇಕೆಂದು ಕೇಳುತ್ತದೆ. ಇದರಲ್ಲಿ ನನಗೆ ಅನ್ಯಾಯ ಕಾಣುವುದಿಲ್ಲ. ಊರಿನ ಜನ ದೂರು ಹೇಳಿಕೊಂಡು ಬಂದಾಗ ಅವರ ಮಾತು ತಿಳಿಯಬೇಕಲ್ಲವೇ? ನಮ್ಮ ಮಕ್ಕಳು ಶಾಲೆಯಲ್ಲಿ ಹಿಂದಿ ಓದಿರುತ್ತಾರೆ, ಲಿಪಿ ಅದೇ. ಆರು ತಿಂಗಳು ಮನಸ್ಸಿಟ್ಟರೆ ಮರಾಠಿ ಕೈಹತ್ತುತ್ತದೆ.

ನನ್ನನ್ನು ನಿಜಕ್ಕೂ ನೋಯಿಸುವುದು ಜಾತಿ ಪ್ರಮಾಣಪತ್ರದ ವಿಷಯ. ಕಲಬುರಗಿಯ ತಹಶೀಲ್ದಾರರು ಕೊಟ್ಟ ಪತ್ರ ಮಹಾರಾಷ್ಟ್ರದ ಮೀಸಲಾತಿಗೆ ನಡೆಯದು. ಮೀಸಲಾತಿ ಆಯಾ ರಾಜ್ಯಕ್ಕೆ ಸೇರಿದ್ದೆಂದು ಸುಪ್ರೀಂ ಕೋರ್ಟು 1990ರಲ್ಲೇ ಹೇಳಿದೆ. ಎರಡು ತಲೆಮಾರು ಇಲ್ಲಿ ಕಲ್ಲು ಹೊತ್ತವರ ಮಕ್ಕಳೂ ಇಲ್ಲಿ ಸಾಮಾನ್ಯ ವರ್ಗದಲ್ಲೇ ನಿಲ್ಲಬೇಕಾಗುತ್ತದೆ. ಊರಲ್ಲಿ ಅವರನ್ನು ದೂರ ಇಟ್ಟ ಜಾತಿ ಗಡಿ ದಾಟಿ ಅವರ ಬೆನ್ನಿಗೇ ಬರುತ್ತದೆ, ಅದಕ್ಕೆಂದು ಕೊಟ್ಟ ಆಸರೆ ಮಾತ್ರ ಗಡಿಯಲ್ಲೇ ಉಳಿಯುತ್ತದೆ.

ಈ ತಿಳಿವಳಿಕೆ ಇಲ್ಲದವರೇ ದಲ್ಲಾಳಿಗಳ ಕೈಗೆ ಸಿಕ್ಕಿಬೀಳುತ್ತಾರೆ. ನಮ್ಮ ಓಣಿಯ ಒಬ್ಬ ತಂದೆ, ಮಗನನ್ನು ಪಾಲಿಕೆಯಲ್ಲಿ ಕಾಯಮ್ ಮಾಡಿಸುತ್ತೇನೆಂದ ಒಬ್ಬನಿಗೆ ಮಗಳ ಮದುವೆಗಿಟ್ಟಿದ್ದ ಹಣ ಕೊಟ್ಟ. ಮಗನಿಗೆ ಸಿಕ್ಕಿದ್ದು ಠೇಕೇದಾರನ ಕೈಕೆಳಗಿನ ನಾಲ್ಕು ತಿಂಗಳ ಕೆಲಸ. ದುಡ್ಡು ಕೇಳಿದವನಿಗೆ ಬಾಗಿಲಲ್ಲೇ ಕೈಮುಗಿದು ಕಳಿಸಿ.

ಇಲ್ಲೇ ಹುಟ್ಟಿ ಬೆಳೆದ ನಮ್ಮವರ ಮಕ್ಕಳಿಗೆ ಇನ್ನೂ ಕೆಲವು ದಾರಿಗಳಿವೆ. ಹದಿನೈದು ವರ್ಷದ ವಾಸ ತೋರಿಸಿದರೆ ಸೇತು ಎಂಬ ಸರ್ಕಾರಿ ಸೇವಾ ಕೇಂದ್ರದ ಮೂಲಕ ಅಧಿವಾಸ ಪ್ರಮಾಣಪತ್ರ ಸಿಗುತ್ತದೆ, ಇಲ್ಲಿಯವರು ಡೊಮಿಸಾಯಿಲ್ ಎನ್ನುವುದು ಅದನ್ನೇ. 2024ರಲ್ಲಿ ಮಹಾರಾಷ್ಟ್ರ ಸರ್ಕಾರ ತಂದ ಯುವ ಕಾರ್ಯ ಪ್ರಶಿಕ್ಷಣ ಯೋಜನೆ ಈ ರಾಜ್ಯದ ನಿವಾಸಿಗಳಿಗಷ್ಟೇ. ಅದರಲ್ಲಿ ಹನ್ನೆರಡನೆಯ ತರಗತಿ ಪಾಸಾದವರಿಗೆ ತಿಂಗಳಿಗೆ 6,000, ಐಟಿಐ ಆದವರಿಗೆ 8,000, ಪದವೀಧರರಿಗೆ 10,000 ರೂಪಾಯಿ ಗೊತ್ತುಮಾಡಿದ್ದರು. ಕೆಳಮನೆಯ ಗೌಂಡಿಯವರ ಮಗಳು ಹೀಗೆ ಒಂದು ಸರ್ಕಾರಿ ಕಚೇರಿಯಲ್ಲಿ ಕಡತ ಜೋಡಿಸುವುದನ್ನು ಕಲಿತಳು. ಹೆಂಗಸರಿಗೆ ಪಾಲಿಕೆಯ ಸಮಾಜ ವಿಕಾಸ ವಿಭಾಗದ ತರಬೇತಿ ವರ್ಗಗಳೂ ಇವೆ.

ಅಕ್ಕನ ಮಗನಿಗೆ ಮುಂದಿನ ಸಲ ಕರೆ ಬಂತು. ಈಗ ಬೀದಿ ದೀಪದ ತಂಡದಲ್ಲಿದ್ದಾನೆ. ವಿದ್ಯಾವೇತನದಲ್ಲಿ ಕೋಣೆ ಬಾಡಿಗೆ, ಮೆಸ್ಸು ಎರಡೂ ಹೊಂದುವುದಿಲ್ಲ, ಆದ್ದರಿಂದ ನಮ್ಮಲ್ಲೇ ಇದ್ದಾನೆ. ವರ್ಷ ಮುಗಿದ ಮೇಲೆ ಇಟ್ಟುಕೊಳ್ಳುತ್ತೇವೆಂದು ಯಾರೂ ಮಾತು ಕೊಟ್ಟಿಲ್ಲ, ಅದನ್ನು ಅಕ್ಕನಿಗೂ ಮುಚ್ಚಿಡದೆ ಹೇಳಿದ್ದೇನೆ. ಮೊನ್ನೆ ಕತ್ತಲಾದ ಮೇಲೆ ಸಂತೆಯಿಂದ ಬರುವಾಗ ನಮ್ಮ ಓಣಿಯ ತಿರುವಿನ ಕಂಬ ತೋರಿಸಿ, "ಚಿಗವ್ವ, ಇದನ್ನು ಇಂದು ಮಧ್ಯಾಹ್ನ ನಾನೇ ಹಚ್ಚಿದ್ದು" ಎಂದ. ತರಕಾರಿ ಚೀಲ ಹಿಡಿದುಕೊಂಡು ಇಬ್ಬರೂ ಅದರ ಕೆಳಗೆ ಸ್ವಲ್ಪ ಹೊತ್ತು ನಿಂತೆವು.