ಗಂಡ-ಹೆಂಡತಿಯ ಅಧ್ಯಯನ: ಗೂಗಲ್ ಫಾರ್ಮ್ ಕಳಿಸುವ ಮುಂಚೆ

ಸೈಕಾಲಜಿ ಎಂಎ ಡಿಸರ್ಟೇಶನ್‌ಗೆ ದಾಂಪತ್ಯದ ವಿಷಯ ಆರಿಸಿಕೊಂಡವರಲ್ಲಿ ಬಹಳಷ್ಟು ಜನ ಮೊದಲು ಗೂಗಲ್ ಫಾರ್ಮ್ ತೆರೆಯುತ್ತಾರೆ, ಪ್ರಶ್ನೆ ಏನೆಂದು ಆಮೇಲೆ ಯೋಚಿಸುತ್ತಾರೆ. ಎಡವಟ್ಟು ಶುರುವಾಗುವುದೇ ಅಲ್ಲಿ.

ಮನೆಗೆಲಸ ಹಂಚಿಕೊಂಡರೆ ಜಗಳ ಕಡಿಮೆಯಾಗುತ್ತದೆಯೇ? ಕೇಳಲು ಒಂದೇ ಪ್ರಶ್ನೆ, ಒಳಗೆ ಎರಡಿವೆ. ಹಂಚಿಕೊಳ್ಳುವ ಮನೆಗಳಲ್ಲಿ ಮಿಕ್ಕ ಮನೆಗಳಿಗಿಂತ ಜಗಳ ಕಡಿಮೆಯೇ ಎಂಬುದಕ್ಕೆ ಸಮೀಕ್ಷೆ ಸಾಕು. ಒಂದೇ ಮನೆಯಲ್ಲಿ, ಗಂಡ ಪಾತ್ರೆ ತೊಳೆದ ದಿನ ಜಗಳ ಕಡಿಮೆಯೇ ಎನ್ನುವುದಾದರೆ ಡೈರಿ ಬೇಕು: 14 ದಿನ, ಮಲಗುವ ಮುಂಚೆ, ಐದಾರು ಪ್ರಶ್ನೆ. ಮೊದಲನೆಯದರ ಉತ್ತರದಿಂದ ಎರಡನೆಯದನ್ನು ಊಹಿಸುವಂತಿಲ್ಲ; ಎರಡೂ ತದ್ವಿರುದ್ಧ ಬಂದರೂ ಬರಬಹುದು.

ಡೈರಿಯನ್ನು ಪುಸ್ತಕದಲ್ಲಿ ಬರೆಸಬೇಡಿ. 2002ರಲ್ಲಿ ಆರ್ಥರ್ ಸ್ಟೋನ್ ತಂಡ ನೋವಿನ ರೋಗಿಗಳಿಗೆ ಕೊಟ್ಟ ಡೈರಿಯೊಳಗೆ, ತೆರೆದ ಹೊತ್ತು ದಾಖಲಿಸುವ ಬೆಳಕಿನ ಸೆನ್ಸರ್ ಅಡಗಿಸಿತ್ತು. ಹೊತ್ತಿಗೆ ಸರಿಯಾಗಿ ಬರೆದೆವು ಎಂದು ತೋರಿಸಿದ್ದು ಶೇ. 90, ನಿಜವಾಗಿ ಬರೆದದ್ದು ಶೇ. 11. ಹೀಗಾಗಿ ಫೋನಿಗೆ ಲಿಂಕ್ ಹೋಗಲಿ, ರಾತ್ರಿ 12ಕ್ಕೆ ಮುಚ್ಚಲಿ.

ಇಬ್ಬರನ್ನೂ ಕೇಳಲೇಬೇಕು. 1979ರ ರಾಸ್ ಮತ್ತು ಸಿಕೊಲಿ ಅಧ್ಯಯನದಲ್ಲಿ ದಂಪತಿಗಳು ತಂತಮ್ಮ ಪಾಲು ಇಷ್ಟು ಎಂದು ಹೇಳಿದ್ದನ್ನು ಕೂಡಿಸಿದರೆ, ಹೆಚ್ಚಿನ ಮನೆಗಳಲ್ಲಿ ಮೊತ್ತ ಶೇ. ನೂರನ್ನು ದಾಟಿತು. ಆದರೆ ಬೇರೆ ಬೇರೆ ಲಿಂಕ್ ಕೊಡಿ, ಜೋಡಿಗೊಂದು ಕೋಡ್ ಇರಲಿ. ಎರಡೂ ಉತ್ತರ ಒಂದೆರಡು ನಿಮಿಷದ ಅಂತರದಲ್ಲಿ, ಅಚ್ಚೊತ್ತಿದಂತೆ ಬಂದಿದ್ದರೆ ಒಬ್ಬರೇ ತುಂಬಿರುವ ಗುಮಾನಿ ಇಟ್ಟುಕೊಳ್ಳಿ. ಒಬ್ಬರು ಬರೆದದ್ದು ಇನ್ನೊಬ್ಬರ ಕಣ್ಣಿಗೆ ಬೀಳಬಾರದು. ಹೊಡೆತ-ಬಡಿತ ಇರುವ ಮನೆಯಲ್ಲಿ ಅದು ಅಪಾಯ.

ಲೆಕ್ಕದಲ್ಲಿ ತಪ್ಪುವುದು ಇಲ್ಲಿ: 60 ಜೋಡಿ ಎಂದರೆ 120 ಬಿಡಿ ವ್ಯಕ್ತಿಗಳಲ್ಲ. ಒಂದೇ ಸೂರಿನಡಿಯ ಇಬ್ಬರ ಉತ್ತರ ಒಂದಕ್ಕೊಂದು ಅಂಟಿಕೊಂಡಿರುತ್ತದೆ. ಅದಕ್ಕೆಂದೇ ಡೇವಿಡ್ ಕೆನ್ನಿಯ ಆ್ಯಕ್ಟರ್-ಪಾರ್ಟ್‌ನರ್ ಮಾಡೆಲ್ ಇದೆ: ಒಬ್ಬರ ಉತ್ತರದಲ್ಲಿ ಅವರದೇ ಪ್ರಭಾವ ಎಷ್ಟು, ಸಂಗಾತಿಯದ್ದೆಷ್ಟು ಎಂದು ಬೇರ್ಪಡಿಸುವ ಲೆಕ್ಕ. ಮನೆ-ಮನೆ ಹೋಲಿಸುವಾಗ 0.3ರ ಸಹಸಂಬಂಧ ಹಿಡಿಯಲು (ಶೇ. 80 ಪವರ್, ಅಂದರೆ ಇರುವ ಸಂಬಂಧ ಕಣ್ಣಿಗೆ ಬೀಳುವ ಸಾಧ್ಯತೆ; 0.05 ಮಟ್ಟ, ಅಂದರೆ ಇಲ್ಲದ್ದನ್ನು ಇದೆ ಎಂದುಬಿಡುವ ಅಪಾಯ ಶೇ. 5) ಸುಮಾರು 85 ಜೋಡಿ, 0.2 ಆದರೆ 194 ಬೇಕು. ನಲವತ್ತೇ ಜೋಡಿ ಸಿಗುವುದಾದರೆ ಡೈರಿಯತ್ತ ಹೊರಳಿ; 560 ಜೋಡಿ-ದಿನ ಕೈಗೆ ಬರುತ್ತದೆ. ಆಗ ದಿನ-ದಿನದ ಏರಿಳಿತದ ಬಗ್ಗೆ ಮಾತಾಡಬಹುದು, ಮನೆ-ಮನೆಯ ವ್ಯತ್ಯಾಸದ ಬಗ್ಗೆ ಅಲ್ಲ.

ದಾಂಪತ್ಯ ಸಂಶೋಧಕ ಗಾಟ್‌ಮನ್ ಮಾದರಿಯ 15 ನಿಮಿಷದ ಜಗಳದ ವಿಡಿಯೊ ಎಲ್ಲರಿಗೂ ಆಕರ್ಷಕ. ಅದಕ್ಕೆ ವಿಡಿಯೊ ನೋಡಿ ವರ್ತನೆಗಳನ್ನು ಗುರುತು ಹಾಕುವ, ತರಬೇತಾದ ಇಬ್ಬರು ಕೋಡರ್‌ಗಳು, ಅವರಿಬ್ಬರ ಗುರುತು ಎಷ್ಟು ಹೊಂದುತ್ತದೆ ಎನ್ನುವ ಕಪ್ಪಾ ಲೆಕ್ಕ, ತಿಂಗಳುಗಟ್ಟಲೆ ಸಮಯ ಬೇಕು. ಒಂದು ಸೆಮಿಸ್ಟರಿನ ಕೆಲಸವಲ್ಲ, ಬಿಡಿ.

ದಾಂಪತ್ಯ ಹೇಗಿದೆ ಎಂದು ಅಳೆಯುವ ಹೆಂಡ್ರಿಕ್‌ರ 7 ಪ್ರಶ್ನೆಗಳ ಮಾಪಕವಾಗಲಿ ಸ್ಪೇನಿಯರ್‌ನ 32ರದ್ದಾಗಲಿ, ಕನ್ನಡಕ್ಕೆ ತಂದ ಮೇಲೆ ಮೂಲ ನೋಡದವರಿಂದ ಮರಳಿ ಇಂಗ್ಲಿಷಿಗೆ ಮಾಡಿಸಿ. ಅದಾದ ಮೇಲೂ ಐದು ಜೋಡಿಗಳ ಮುಂದೆ ಗಟ್ಟಿಯಾಗಿ ಓದಿ. ‘ಎಷ್ಟು ಸಲ ಜಗಳವಾಡಿದಿರಿ?’ ಎಂದರೆ ‘ಇಲ್ಲವಲ್ಲ’ ಅನ್ನುವವರೇ, ‘ಮಾತು ಬಿಟ್ಟಿದ್ದು ಉಂಟಾ?’ ಎಂದರೆ ‘ಓ, ಅದಾ? ಮೂರು ದಿನ’ ಅಂದುಬಿಡಬಹುದು.